ನಾಕ್ ಮಡಿಕಿ ಚೀಟಿ

ಬರಿಯೂದಕ್ಕಿಂತ ಮೊದಲ ಪೊಲೀಸಪ್ಪ ಪೆನ್ನು ಝಾಡಿಸಿದ.
ದವಾಖಾನಿ ವರಾಂಡಾ, ಫಿನೈಲ್ ವಾಸನಿ,
ನಸುಕಿನ ನಾಕೂವರಿ.
"ಹೊಟ್ಟೆನೋವು ತಾಳಲಾರದೆ" ಅಂತ ಶುರು ಮಾಡಿದ.
ಕೈ ತಾನಽ ಓಡ್ತಿತ್ತು, ದಿನಾ ಓಡಿದ ದಾರಿ ಅದು.

ಹೊಟ್ಟಿ ಅಲ್ಲರಿ ಸಾಹೇಬ್ರ, ಅಂದೆ. ರಟ್ಟಿ.
ಬಲಗೈ ರಟ್ಟಿ.
ಅವನಿಗೆ ರೊಟ್ಟಿ ಅಂತ ಕೇಳಿಸ್ತು.
ತಪ್ಪೇನಿಲ್ಲ, ಅದೂ ಖರೇನಽ.

ಅವ್ವ, ಚಂದಮ್ಮ, ನಲವತ್ಮೂರು.
ಕಲಬುರಗಿ, ಆಳಂದ ನಾಕಾದ ಹಿಂದ, ಪತ್ರಾಸಿನ ಖೋಲಿ,
ಬಾಗಿಲಿಗೆ ಸುಣ್ಣದಾಗ ಬರದದ್ದು: ಖಡಕ್ ರೊಟ್ಟಿ ಸಿಗತಾವ.
ಒಂದು ರೊಟ್ಟಿಗೆ ಎಷ್ಟು ಬಡಿತ, ಎಣಿಸಿದೀರೇನ್ರಿ?
ನಾ ಎಣಿಸೀನಿ, ಸಣ್ಣಾಕಿ ಇದ್ದಾಗ, ನಿದ್ದಿ ಬರಲಾರದಾಗ.
ಎಪ್ಪತ್ತು, ಎಂಬತ್ತು. ಹಿಟ್ಟಿಗೆ ಜಿಗಿ ಇರದಿದ್ರ ನೂರು.

ಚೀಟಿ ಬಂದದ್ದು ಬ್ಯಾರೆ ಬ್ಯಾನಿಗಿ.
ಗರ್ಭಚೀಲ ತಗದಾಗ ಡಾಕ್ಟರ್ ಬರದಿದ್ರು,
ಐದು ದಿವ್ಸದ ಗುಳಗಿ.
ಹೊಲಿಗಿ ಒಣಗಿತು. ಬ್ಯಾನಿ ಮ್ಯಾಲ ಏರಿ ರಟ್ಟಿಗಿ ಬಂತು.
ಚೀಟಿ ಆರು ವರ್ಷ ಉಳೀತು, ನಾಕ್ ಮಡಿಕಿಯಾಗಿ
ಕುಬಸದೊಳಗ, ಬೆವರಿಗೆ ಅಕ್ಷರ ಕದಡಿ.
ಹರದಲ್ಲಿ ಟೇಪು ಹಚ್ಚಿದಾಕಿ ನಾನಽ.
ಅಣವೀರಪ್ಪನ ಮೆಡಿಕಲ್ಲಿಗೆ ಒಯ್ತಿದ್ದಾಕಿ ನಾನಽ.
ಅಂವ ಓದತಿದ್ದಿಲ್ಲ. ಚೀಟಿ ಕಂಡರ ಸಾಕು,
ಹಿಂದ ತಿರುಗದಽ ಕೈ ಚಾಚಿ ಪಟ್ಟಿ ತೆಗೀತಿದ್ದ.
ಚಿಲ್ಲರ ಇಲ್ಲಂದ್ರ ನನಗೊಂದು ಪೆಪ್ಪರಮಿಂಟ್.

ಸುಳ್ಳ್ಯಾಕ ಹೇಳ್ಲಿ, ಗುಳಗಿ ತಗೊಂಡ ಮ್ಯಾಲ
ಅವ್ವ ಛಲೋ ಇರ್ತಿದ್ದಳು.
ತಲಿ ಬಾಚ್ಕೋತಿದ್ದಳು. ನನ್ನ ಕೂಡ ಚೌಕಾಬಾರಾ ಆಡಿ
ಮೋಸ ಮಾಡಿ ಗೆದ್ದು ನಗತಿದ್ದಳು.
ಒಂದು ದಿವ್ಸ ತಪ್ಪಿದ್ರ ಕೈ ನಡುಗಿ, ಹಿಟ್ಟು ನೀರಾಗಿ,
ಸುಮ್ಮಸುಮ್ಮಕ ಬೈತಿದ್ದಳು, ಆಮ್ಯಾಲ ಅಳತಿದ್ದಳು.
ಮಹಬೂಬಿ ಚಾಚಿ, ಗುರುಬಾಯಿ, ಓಣ್ಯಾಗ ಎಲ್ಲಾರೂ ಹಂಗಽ,
ಸಕ್ರಿ ಕಡ ತಗೊಂಡಂಗ ಎರಡು ಗುಳಗಿ ಕಡ ತಗೊಂಡು
ನಾಳಿಗಿ ತಿರುಗಿ ಕೊಡ್ತಿದ್ರು.
ಅದಕ್ಕ ಯಾರೂ ಚಟ ಅನ್ನಲಿಲ್ಲ.
ಚಟ ಗಂಡಸರದು.

ಆ ರಾತ್ರಿ ಯಾರದೋ ಕೂಸಿನ ತೊಟ್ಟಿಲದ ಆರ್ಡರ್, ಐನೂರು.
ಬ್ಯಾನಿ ಒಂದಕ್ಕ ಕೇಳಲಿಲ್ಲ, ಎರಡಕ್ಕ ಕೇಳಲಿಲ್ಲ.
ಹಿಟ್ಟಿನ ಡಬ್ಬಿ ಹಿಂದ ಖಾಲಿ ಪಟ್ಟಿ ಸಿಕ್ಕವು, ಮೂರು.
ಬಡಿಯೂ ಸಪ್ಪಳ ನಿಂತಾಗ ನನಗ ಎಚ್ಚರಾತು.
ಹುಟ್ಟಿದಾಗಿಂದ ಆ ಸಪ್ಪಳದಾಗ ಮಲಗಿದಾಕಿ ನಾ.
ಪರಾತದ ಅಂಚಿಗೆ ಹಣಿ ಇಟ್ಟು ಕುಂತಿದ್ದಳು,
ಉಸಿರು ಭಾಳ ಭಾಳ ತಡದು ಬರ್ತಿತ್ತು.

ಸಾಯಬೇಕಂತ ಅಲ್ಲರಿ, ಅಂದೆ. ಮುಗಿಸಬೇಕಂತ.
ಆರ್ಡರ್ ಮುಗಿಸಬೇಕಂತ.
ಪೊಲೀಸಪ್ಪ ಕೆಟ್ಟಾವಲ್ಲ, ಪೆನ್ನು ಕೆಳಗಿಟ್ಟು ಕೇಳಿದ.
"ಚೀಟಿ ಏನರ ಅದ ಏನವ್ವಾ? ಜೋಡಸ್ತೀನಿ."
ಚೀಟಿ ನನ್ನ ಮುಷ್ಟಿಯೊಳಗಽ ಇತ್ತು.
ಇಲ್ಲ, ಎಲ್ಲೋ ಬಿತ್ತು, ಅಂದೆ.
ಯಾಕ ಅಂದೆನೋ. ಪೆಪ್ಪರಮಿಂಟ್ ನೆನಪಾತೇನೋ,
ನಾಳಿಗಿ ಚಾಚಿ ಏನ್ ಮಾಡ್ತಾಳ ಅಂತನೋ.
ಅಂವ ಶುರು ಮಾಡಿದ್ದನ್ನ ಮುಗಿಸಿದ. ಸಹಿ ಹಾಕಿದೆ.

ತೊಟ್ಟಿಲದವರು ಒಯ್ಯಲಿಲ್ಲ. ಸೂತಕದ ರೊಟ್ಟಿ.
ಮುನ್ನೂರ ನಲವತ್ತು ಮಾಡಿಟ್ಟಿದ್ದಳು,
ಇಪ್ಪತ್ತಿಪ್ಪತ್ತರ ಸಾಲು, ಮ್ಯಾಲ ಅಕಿದಽ ಹಳೇ ಸೀರಿ.
ಖಡಕ್ ಅವ, ಕೆಡಂಗಿಲ್ಲ. ದಿನಕ್ಕೆರಡು ತಿಂತೀನಿ.

ಮೊನ್ನಿ ಚಾಚಿ ಬಂದಿದ್ದಳು, ರಟ್ಟಿ ಹಿಡಕೊಂಡು,
ಅಣವೀರಪ್ಪ ಈಗ ಚೀಟಿ ಕೇಳ್ತಾನ,
ಅವ್ವಂದು ಅದ ಏನು, ಒಂದೀಟು ಕೊಡು ಅಂತ.
ಇಲ್ಲ, ಎಲ್ಲೋ ಬಿತ್ತು, ಅಂದೆ.
ಎರಡು ರೊಟ್ಟಿ ಕಟ್ಟಿ ಕೊಟ್ಟೆ.