ಉಲ್ಟಾ

ಗೋಪಾಳದ ಕೊನೇ ಸ್ಟಾಪಿನ ಹಿಂದಿನ ಓಣಿ,
ನಲವತ್ತೊಂದು ಮನೆ ನನ್ನ ಪಟ್ಟಿಯಲ್ಲಿ.
ಗುತ್ಯಮ್ಮನ ಬಾಗಿಲಿಗೆ ಕೆಂಪು ಕಾಗದ ಅಂಟಿಸಿ
ಮೂಲೆ ಏಳದಂತೆ ಅಂಗೈಯಲ್ಲಿ ಉಜ್ಜುವಾಗ
ಪಕ್ಕದ ಕಿಟಕಿಯ ಸರಳಿನ ನಡುವೆ ಒಂದು ಮೂಗು.

"ಏನ್ ಬರ್ದಿದೆ ಅದ್ರಲ್ಲಿ?"

ಮನ್ವಿತ. ಒಂದನೇ ಕ್ಲಾಸು,
ತನ್ನ ಟೀಚರನ್ನು ಫೋನಿನಲ್ಲಷ್ಟೇ ಕಂಡವನು.
ಅಪ್ಪ ಅಮ್ಮ ಇಬ್ಬರನ್ನೂ ಹಿಂದಿನ ರಾತ್ರಿ
ಮೆಗ್ಗಾನ್ ಆಸ್ಪತ್ರೆಗೆ ಒಯ್ದಿದ್ದರು.
ಅಜ್ಜಿಗೆ ರೆಸ್ಟ್ ಬೇಕು ಅಂತ ಬರ್ದಿದೆ, ಅಂದೆ.
"ಅಷ್ಟುದ್ದ ಇದೆಯಲ್ಲ?"
ಗುಲಾಬಿ ಸೀರೆಯ ಸೆರಗು ಸರಿಮಾಡಿಕೊಂಡೆ.
ಸರಿಮಾಡುವುದೇನೂ ಇರಲಿಲ್ಲ.

ಸರಳಿನ ಸಂದಿಯಲ್ಲಿ ತೂರಿಸಿದೆ
ಮಾತ್ರೆಯ ಪೊಟ್ಟಣ, ಪೇಪರಿನಲ್ಲಿ ಸುತ್ತಿದ ನಾಲ್ಕು ಮೊಟ್ಟೆ,
ಬೆರಳು ಕಚ್ಚುವ ಪುಟ್ಟ ಯಂತ್ರ.
ಅಜ್ಜಿಯ ಕನ್ನಡಕಕ್ಕೆ ಒಂದೇ ಕಿವಿ, ಅಂಕಿ ಕಾಣದು.
ಇವತ್ತಿಂದ ನೀನೇ ಈ ಮನೆ ಡಾಕ್ಟ್ರು, ಅಂದೆ.
ದಿನಕ್ಕೆ ಮೂರು ಸಲ ದೊಡ್ಡ ಅಂಕಿ ಓದಿ ಫೋನ್ ಮಾಡು.
ಮಗುವಿಗೊಂದು ಕೆಲಸ ಕೊಡಿ, ಹೆದರಿಕೆ ಹಗುರಾಗುತ್ತೆ
ಅಂತ ತರಬೇತಿಯಲ್ಲಿ ಹೇಳಿದ್ದರು.
ನಾನೂ ನಂಬಿದ್ದೆ.

ಮೊದಲ ಫೋನು: "ಎಂಬತ್ತಾರು ಮೇಡಂ!"
ಎದೆ ಧಸಕ್ಕೆಂದು
ಅರ್ಧ ತೊಳೆದ ಪಾತ್ರೆ ಬಿಟ್ಟು ಓಡಿದೆ.
ನೋಡಿದರೆ ಉಲ್ಟಾ ಹಿಡಿದಿದ್ದಾನೆ.
ತಿರುಗಿಸು ಮಾರಾಯ, ತಿರುಗಿಸು!
ತೊಂಬತ್ತೆಂಟು.
ಮಾಸ್ಕಿನೊಳಗೆ ನಾನು ನಕ್ಕೆ, ಒಳಗೆ ಅಜ್ಜಿ ನಕ್ಕಳು,
ತಾನು ಅಷ್ಟು ಜನರನ್ನು ನಗಿಸಿದೆನಲ್ಲ ಎಂದು
ಅವನು ಯಂತ್ರವನ್ನೇ ನೋಡುತ್ತಾ ನಿಂತ.

ತೊಂಬತ್ತೇಳು. ತೊಂಬತ್ತೈದು. ತೊಂಬತ್ತಮೂರು.
ನನ್ನ "ಹೂಂ" ಸಣ್ಣದಾಗುತ್ತಾ ಬಂದದ್ದು
ನನಗೆ ತಿಳಿಯಲಿಲ್ಲ.
ಅವನಿಗೆ ತಿಳಿದಿತ್ತು.

ಆರನೇ ದಿನ ಬೆಳಿಗ್ಗೆ ತೊಂಬತ್ತೆಂಟು.
ಶಭಾಶ್ ಅಂದೆ. ಪೆನ್ನಿನಲ್ಲಿ ಬರೆದೆ.
ಮಧ್ಯಾಹ್ನವೂ ತೊಂಬತ್ತೆಂಟು. ಅದನ್ನೂ ಬರೆದೆ.
ಫೋನ್ ಇಡುವ ಮುಂಚೆ ಅವನ ಬೆನ್ನ ಹಿಂದೆ
ಯಾರೋ ಮರ ಕೊಯ್ಯುವ ಸದ್ದು.
ಆ ಮನೆಯಲ್ಲಿ ಮರ ಕೊಯ್ಯುವವರು ಯಾರಿದ್ದಾರೆ?

ಆಂಬುಲೆನ್ಸಿನ ಬಾಗಿಲು ಬಡಿದಾಗ ಕೇಳಿದ:
"ತಿರುಗಿಸಿದ್ರೆ ಸರಿಯಾಗುತ್ತೆ ಅಂತ
ನೀವೇ ಹೇಳಿದ್ರಲ್ಲ?"

ಹೊಳೆಹೊನ್ನೂರಿನ ಅತ್ತೆ ಬರುವವರೆಗೆ
ಕಿಟಕಿಯ ಆ ಕಡೆ ಅವನು, ಈ ಕಡೆ ನಾನು.
ಓದೋದಷ್ಟೇ ನಿನ್ನ ಕೆಲಸ ಕಣೋ, ಅಂದೆ,
ಏರಿಸೋದು ಇಳಿಸೋದು ನಿಂದಲ್ಲ. ನಂದೂ ಅಲ್ಲ.
ಅವನು ತಲೆ ಆಡಿಸಲಿಲ್ಲ.
ಬೆರಳು ಹೊರಚಾಚಿ ಬಾಗಿಲು ತೋರಿಸಿದ.
ಈ ಸಲ ಓದಿದೆವು, ಇಬ್ಬರೂ,
ಒಂದೊಂದೇ ಅಕ್ಷರ ಕೂಡಿಸಿ,
"ಪ್ರವೇಶವಿಲ್ಲ"ದ ಒತ್ತಕ್ಷರದಲ್ಲಿ ಅವನು ಸಿಕ್ಕಿಬಿದ್ದು
ನಾನು ಕಾದು, ಅವನೇ ಬಿಡಿಸಿಕೊಂಡು.

"ಅಜ್ಜಿ ವಾಪಸ್ ಬರ್ತಾಳಾ?"
ಗೊತ್ತಿಲ್ಲ, ಅಂದೆ.
ಹತ್ತು ದಿನದಲ್ಲಿ ಆ ಕಿಟಕಿಗೆ
ನಾನು ಹೇಳಿದ ಮೊದಲ ನಿಜ.
ಅವನು ಅತ್ತ. ಅಳಲು ಬಿಟ್ಟೆ.
ಆಮೇಲೆ ಮೂಗು ಒರೆಸಿಕೊಂಡು
ಯಂತ್ರ ತನ್ನ ಬೆರಳಿಗೇ ಸಿಕ್ಕಿಸಿದ,
ನೇರ ಹಿಡಿದಿದ್ದಾನೋ ಇಲ್ಲವೋ ಎಂದು
ಎರಡು ಸಲ ನನ್ನ ಮುಖ ನೋಡಿದ.