ಸೀಸವಿಲ್ಲದ ಗುರುತು

ಗಸಗಸೆ ಹಾಕಿದ ತಿಂಡಿ ಒಳಗೆ ತರಬಾರದು.
ಬಾಗಿಲ ಮೇಲೇ ಅಂಟಿಸಿದ್ದಾರೆ, ಮೊದಲ ನಿಯಮ.
ಕೆಲಸಕ್ಕೆ ಸೇರಿದ ವಾರ ಓದಿ ನಕ್ಕಿದ್ದೆ.
ಅಮ್ಮನ ಕೊಲಾಚೆಯಿಂದ ಒಂದೇ ಒಂದು ಕಾಳು
ಉದುರಿ ಹಾಳೆಯ ಮೇಲೆ ಕೂತರೆ
ಯಂತ್ರಕ್ಕೆ ಅದೂ ಉತ್ತರವೇ.
ಅಲಬಾಮಾದ ಯಾವನೋ ಹುಡುಗ
ತಿಳಿಯದೆ ಬಿಟ್ಟ ಪ್ರಶ್ನೆಗೆ
ಅಯೋವಾದ ಗಸಗಸೆ ಬಾಯಿ ಹಾಕಿಬಿಡುತ್ತದೆ.

ಮೊದಲಿದು ಮುಸುಕಿನ ಜೋಳದ ಗೋದಾಮು.
ಗೋಡೆಯ ಸಂದಿಯಲ್ಲಿ ಇನ್ನೂ ಹಳದಿ ಹೊಟ್ಟು.
ಅಪ್ಪ ಇಲ್ಲೇ ಬಿತ್ತನೆ ಬೀಜ ಜರಡಿ ಹಿಡಿಯುತ್ತಿದ್ದ:
ದಪ್ಪದ್ದು ಒಂದು ಚೀಲ, ಸಣ್ಣದು ಇನ್ನೊಂದು,
ಜೊಳ್ಳು ಹಂದಿಗೆ.
ಈಗ ನೀನು, ಜರಡಿ ಬೇರೆ, ಅನ್ನುತ್ತಾನೆ.
ನಾನು ಉತ್ತರ ಕೊಡುವುದಿಲ್ಲ.

ಏಪ್ರಿಲ್ ತಿಂಗಳು. ಹೊರಗೆ ಮಾಸಿದ ಹಿಮ, ಕೆಸರು.
ಹಗಲೆಲ್ಲ ಲಾರಿಗಳು ಪೆಟ್ಟಿಗೆ ಇಳಿಸಿ ಹೋಗುತ್ತವೆ,
ಇರುಳೆಲ್ಲ ಯಂತ್ರ ನುಂಗುತ್ತದೆ,
ಗಂಟೆಗೆ ಆರು ಸಾವಿರ ಹಾಳೆ, ಆರು ಸಾವಿರ ಮಕ್ಕಳು.
ಹಾಳೆಯ ಮೇಲೆ ಬೆಳಕು ಬೀಳುತ್ತದೆ,
ಕಪ್ಪಿರುವಲ್ಲಿ ತಡೆಯುತ್ತದೆ,
ತಡೆದದ್ದನ್ನು ಅದು ಎಣಿಸುತ್ತದೆ.
ಅಷ್ಟೇ ಅದರ ವಿದ್ಯೆ. ಓದು ಬಾರದು, ಬರಹ ಬಾರದು,
ಮಾರ್ಕು ಹಾಕುವುದೊಂದೇ ಬರುತ್ತದೆ.

ಅದರ ಗಂಟಲಲ್ಲಿ ಇಳಿಯದ್ದು ನನ್ನ ಬುಟ್ಟಿಗೆ.
ಚೂಯಿಂಗ್ ಗಮ್ ಅಂಟಿದ್ದು, ಹಾಲು ಚೆಲ್ಲಿದ್ದು,
ಮೂಗಿನ ರಕ್ತ ಒಣಗಿ ಕಂದಾದದ್ದು.
ಒಬ್ಬಳು ಸೊನ್ನೆಗಳನ್ನು ತುಂಬುತ್ತ ತುಂಬುತ್ತ
ಹಾಳೆ ತುಂಬ ಒಂದು ಬಾತುಕೋಳಿ ಮಾಡಿದ್ದಳು.
ಬಾಲ ಸುಕ್ಕಾಗಿತ್ತು, ನೇರ ಮಾಡಿ ಕಳಿಸಿದೆ.
ಬಾತುಕೋಳಿಗೆ ನಲವತ್ತಕ್ಕೆ ಹನ್ನೊಂದು ಬಂತು.

ಮಂಗಳವಾರ, ರಾತ್ರಿ ಎರಡಕ್ಕೆ ಇಪ್ಪತ್ತು ನಿಮಿಷ ಇತ್ತು.
ನಾಲ್ಕನೇ ತರಗತಿಯ ಗಣಿತ, ಮೂಲೆ ಹರಿದ ಹಾಳೆ.
ಹರಿದದ್ದರಿಂದಲೇ ನನ್ನ ಕೈಗೆ ಬಂತು.
ಖಾಲಿ ಎಂದು ಯಂತ್ರ ಯಾರನ್ನೂ ಉಗುಳುವುದಿಲ್ಲ,
ಖಾಲಿ ಅದಕ್ಕೆ ಸಲೀಸು.
ಹೆಸರಿನ ಅರ್ಧ ಮೂಲೆಯೊಂದಿಗೆ ಹೋಗಿತ್ತು,
ಹುಡುಗನೋ ಹುಡುಗಿಯೋ ತಿಳಿಯಲಿಲ್ಲ.
ಇಪ್ಪತ್ತೆರಡರ ತನಕ ಅಚ್ಚುಕಟ್ಟು ಕಪ್ಪು.
ಆಮೇಲೆ ಬರೀ ಬಿಳಿ, ಕೊನೆಯ ಸಾಲಿನವರೆಗೂ.

ಟೇಪು ಹಚ್ಚಿ ಸವರುವಾಗ ಬೆರಳು ನಿಂತಿತು.
ಇಪ್ಪತ್ಮೂರರಲ್ಲಿ ಒಂದು ತಗ್ಗು.
ಇಪ್ಪತ್ನಾಲ್ಕರಲ್ಲಿ ಇನ್ನೊಂದು.
ಹಾಳೆ ತಿರುವಿದೆ: ಬೆನ್ನಲ್ಲಿ ಬೆವರುಸಾಲೆಯಂತೆ
ಸಣ್ಣ ಸಣ್ಣ ಉಬ್ಬು, ಹದಿನೆಂಟು.

ಸೀಸ ಮುರಿದಿದೆ.
ಮಗು ಕೈ ಎತ್ತಿಲ್ಲ.
ಬರೀ ಮರದ ತುದಿಯಿಂದ ಒತ್ತಿ ಒತ್ತಿ
ನಲವತ್ತರವರೆಗೆ ಹೋಗಿದೆ.
ಮಾತಾಡಬಾರದು ಅಂದಿದ್ದರೋ,
ಇನ್ನೊಂದು ಪೆನ್ಸಿಲಿಗೆ ದುಡ್ಡು ಕೇಳುತ್ತಾರೆ ಅಂದುಕೊಂಡಿತೋ,
ಒತ್ತಿದರೆ ಸಾಕು, ಕಾಣಲೇಬೇಕಿಲ್ಲ ಅಂತ ನಂಬಿತ್ತೋ.

ಎರಡನೇ ನಿಯಮ: ಮಸುಕಾದ ಗುರುತನ್ನು ಕಪ್ಪು ಮಾಡಿ,
ಇಲ್ಲದ ಗುರುತು ಮಾಡಬೇಡಿ.
ತಗ್ಗು ಗುರುತೋ ಅಲ್ಲವೋ?
ಓರ್ವಿಲ್ ಟೆಕಿಪಿ ಕಾಫಿಯ ಹತ್ತಿರ ನಿಂತಿದ್ದ.
ಕೇಳಿದರೆ ಇಲ್ಲ ಅನ್ನಲೇಬೇಕಾಗುತ್ತದೆ, ಪಾಪ.
ಕೇಳಲಿಲ್ಲ.

ದೀಪ ಓರೆ ಮಾಡಿದೆ. ನೆರಳು ತಗ್ಗಿಗಿಳಿಯಿತು.
ಒಂದೊಂದೇ ತುಂಬಿದೆ: ಡಿ. ಎ. ಎ. ಸಿ.

ಮೂವತ್ಮೂರಕ್ಕೆ ಬಂದೆ.
ಮೂರು ವಾರದಿಂದ ಅದೇ ಪರೀಕ್ಷೆ,
ಸರಿಯುತ್ತರ ನಿದ್ದೆಯಲ್ಲೂ ಬಾಯಿಗೆ ಬರುತ್ತದೆ.
ಸಿ.
ತಗ್ಗು ಇದ್ದದ್ದು ಬಿ-ಯಲ್ಲಿ.
ಬಿ-ಯಿಂದ ಸಿ-ಗೆ ಒಂದು ಜೋಳದ ಕಾಳಿನ ದೂರ.
ನನ್ನ ಪೆನ್ಸಿಲು ನಡುವೆ ನಿಂತಿತು.
ಯಾರಿಗೆ ಗೊತ್ತಾಗುತ್ತದೆ?
ಯಂತ್ರಕ್ಕಂತೂ ಇಲ್ಲ.

ಅಷ್ಟು ಗಟ್ಟಿಯಾಗಿ ಒತ್ತಿತ್ತು ಆ ಮಗು,
ಕಾಗದ ಇನ್ನೇನು ತೂತಾಗಬೇಕು.
ಬಿ-ಯನ್ನೇ ತುಂಬಿದೆ.

ಹಾಳೆ ಹೋಯಿತು, ಯಂತ್ರ ಉಸಿರು ಕಟ್ಟಲೂ ಇಲ್ಲ.
ಎಷ್ಟು ಬಂತೆಂದು ನಾನು ನೋಡಲಿಲ್ಲ.
ಸುಳ್ಳು. ನೋಡಿದೆ. ಹೇಳುವುದಿಲ್ಲ.

ಆರಕ್ಕೆ ಪಾಳಿ ಬಿಟ್ಟು ಕಾರಲ್ಲಿ ಕೂತು
ತಣ್ಣಗಾದ ಕೊಲಾಚೆ ತಿಂದೆ.
ಮಡಿಲ ತುಂಬ ಗಸಗಸೆ.
ಸೀಸ ಮೆತ್ತಿದ ಬೆರಳಿಗೆ
ಕಾಳು ಕಾಳಾಗಿ ಒತ್ತಿ ಎತ್ತಿಕೊಂಡೆ.