ಚೇಗು

ಸಿಪ್ಪೆ ಸುಲಿದು, ಬುಡ ಮೇಲೆ ಮಾಡಿ ಹೂಳು,
ತಲೆಕೆಳಗಾದ ಮರ ನೀರು ಕುಡಿಯುವುದನ್ನು ಮರೆಯುತ್ತದೆ
ಎನ್ನುತ್ತಿದ್ದ ಆರ್ವಿಲ್ ಚಿಕ್ಕಪ್ಪ.
ಓಝಾರ್ಕ್ ಗುಡ್ಡಗಳಲ್ಲಿ ಈ ಮಾತನ್ನು
ಯಾರೂ ಸೀಡರನ್ನೇ ಕೇಳಿ ನೋಡಿಲ್ಲ.
(ಓದಿದವರು ಇದು ಸೀಡರೇ ಅಲ್ಲ, ಜುನಿಪರ್ ಅನ್ನುತ್ತಾರೆ.
ಅನ್ನಲಿ.)

ನಮ್ಮ ಬೇಲಿ ಹತ್ತೊಂಬತ್ತನೆಯ ಕಂಬದವರೆಗೆ
ನೂಲು ಹಿಡಿದಂತೆ ಬಂದು
ಅಲ್ಲಿ ಏಳಡಿ ನಮ್ಮ ಹುಲ್ಲುಗಾವಲಿಗೆ ನುಗ್ಗಿ
ಇಪ್ಪತ್ತನಾಲ್ಕಕ್ಕೆ ಮತ್ತೆ ಸಭ್ಯವಾಗುತ್ತದೆ.
ರಾತ್ರೋರಾತ್ರಿ ಕಿತ್ತು ನೆಟ್ಟವನು ಮುದಿ ಪ್ರೂಯೆಟ್, ಎಂದು ಅಪ್ಪ.
ಕುಡಿದು ನೆಟ್ಟವನು ನಿಮ್ಮಜ್ಜ, ಎಂದು ಪ್ರೂಯೆಟ್ ಮನೆಯವರು.
ಬೇರೆ ಮರವಾಗಿದ್ದರೆ ಹತ್ತು ವರ್ಷಕ್ಕೆ ಗೆದ್ದಲು ತಿಂದು
ಮಾತೂ ಮುಗಿಯುತ್ತಿತ್ತು.
ಇದು ಸೀಡರ್.
ಅರವತ್ತು ವರ್ಷ ಎರಡು ಮನೆಯವರು
ಚರ್ಚಿನ ಒಂದೇ ಬೆಂಚಿನಲ್ಲಿ ಕೂರಲಿಲ್ಲ.

ಏಪ್ರಿಲ್ ಗಾಳಿಗೆ ಓಕ್ ಮರ ಬಿದ್ದು
ಆ ಸೊಟ್ಟ ಭಾಗವೇ ನೆಲಕಚ್ಚಿತು.
ಲೂರೀನ್ ಪ್ರೂಯೆಟ್ ಟ್ರ್ಯಾಕ್ಟರ್ ತಂದಳು, ನಾನು ಸರಪಳಿ.
ಮಾತು ಯಾರೂ ತರಲಿಲ್ಲ.
ಮುರಿದ ಕಂಬದ ಹೊರಗಿನ ಬಿಳಿ
ಮುಷ್ಟಿಯಲ್ಲಿ ನೆನೆದ ರಸ್ಕಿನಂತೆ ಉದುರಿತು.
ಒಳಗೆ ಚೇಗು,
ಮಣಿಕಟ್ಟಿನಷ್ಟು ದಪ್ಪ, ನೇರಳೆಗೆಂಪು.
ಕೊಡಲಿ ತಾಗಿದಲ್ಲಿ
ಅಜ್ಜಿಯ ಕಂಬಳಿ ಪೆಟ್ಟಿಗೆ ತೆರೆದ ವಾಸನೆ.
ಅವಳೂ ಮೂಗರಳಿಸಿದ್ದು ಕಂಡೆ.

ಈ ಸಲ ನೇರ ಹಾಕೋಣ, ಅಂದಳು.
ದಾರ ಕಟ್ಟಿದೆವು. ಹಾರೆ ಎತ್ತಿ ಹಾಕಿದೆ.
ಠಣ್.
ಗೇಣು ಆಚೆ, ಠಣ್.
ನನ್ನ ಕೈಯಿಂದ ಕಸಿದು ತಾನೇ ಹಾಕಿದಳು.
ನಾಲ್ಕು ಕಂಬದ ಉದ್ದಕ್ಕೂ
ಹುಲ್ಲಿನ ಕೆಳಗೆ ಅಂಗೈ ಆಳದ ಮಣ್ಣು,
ಅದರಡಿ ಸುಣ್ಣಕಲ್ಲಿನ ಹಾಸು,
ಯಾರ ಪರವೂ ಇಲ್ಲದೆ ಮಲಗಿತ್ತು.

ಲೂರೀನ್ ಹಾರೆಗೆ ಒರಗಿ
ಬಹಳ ಹೊತ್ತು ಕಲ್ಲನ್ನೇ ನೋಡಿದಳು.
ಒಬ್ಬರಾದರೂ ಅಗೆದು ನೋಡಬಾರದಿತ್ತೇ, ಅಂದಳು,
ನನಗೋ, ಸತ್ತವರಿಗೋ.

ಹೊಸ ಕಂಬಗಳನ್ನು ಹಳೆಯ ಕುಳಿಗಳಿಗೇ ಇಳಿಸಿದೆವು.
ಹಳೆಯ ಚೇಗಿನ ತುಂಡೊಂದನ್ನು
ಉಣ್ಣೆ ಬಟ್ಟೆಯ ಡ್ರಾಯರಿಗೆ ಬೇಕೆಂದು
ಅವಳು ಕೋಟಿನ ಜೇಬಿಗೆ ತುರುಕಿಕೊಂಡಳು.
ಇಪ್ಪತ್ತನೆಯದು ಬುಡ ಮೇಲೆ,
ಇಪ್ಪತ್ತೊಂದನೆಯದು ಬುಡ ಕೆಳಗೆ,
ಯಾವುದು ಮೊದಲು ಕೊಳೆಯುತ್ತದೆಂದು ನೋಡಲು.
ಪಣ: ಒಂದು ಪೆಕಾನ್ ಪೈ.
ನನಗೀಗ ಎಪ್ಪತ್ತೊಂದು.
ಅವಳಿಗೆ ಎರಡು ಕಡಿಮೆ.